ಬೆಳಗಾವಿಗೆ ಬಂದರೆ ಎಲ್ಲಿ ಉಣ್ಣಬೇಕು, ಎಲ್ಲಿ ಕೂರಬೇಕು

ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ. ಮೈಸೂರಿನಿಂದ ಬಂದ ಗೆಳೆಯನನ್ನು ಒಂದು ಸಲ ಫೋನಿನಲ್ಲಿ ನಾಲ್ಕೂವರೆ ಸ್ಟಾರ್ ಇದ್ದ ಹೋಟೆಲಿಗೆ ಕರೆದುಕೊಂಡು ಹೋದೆ. ಹದಿನೈದು ಟೇಬಲ್, ಗಿರಾಕಿ ಅಂತ ನಾವಿಬ್ಬರೇ. ಮಟನ್ ತುಂಡು ರಬ್ಬರಿನಂತಿತ್ತು, ರಸ್ಸಾ ಮೊನ್ನೆಯದು ಅಂತ ವಾಸನೆಯಲ್ಲೇ ಗೊತ್ತಾಗುತ್ತಿತ್ತು. ಹೊರಗೆ ಬಂದು ಹೋಟೆಲಿನವರನ್ನು ಚೆನ್ನಾಗಿ ಬೈದ ಮೇಲೆ ನೆನಪಾಯಿತು, ಅವತ್ತು ಶ್ರಾವಣ ಸೋಮವಾರ. ಬೆಳಗಾವಿಯಲ್ಲಿ ಶ್ರಾವಣ ಸೋಮವಾರ ಮಟನ್ ಹುಡುಕಿಕೊಂಡು ಹೋದವನಿಗೆ ಮೊನ್ನೆಯ ಮಟನ್ ಸಿಗದೆ ಇನ್ನೇನು ಸಿಗುತ್ತೆ?

ಹಾಗಾಗಿ ಇಲ್ಲಿಗೆ ಬರುವ ಮೊದಲು ಕ್ಯಾಲೆಂಡರ್ ನೋಡಿ. ನಮ್ಮ ಕಡೆ ಸೋಮವಾರ, ಗುರುವಾರ, ಶನಿವಾರ ಮಾಂಸ ಮುಟ್ಟದ ಮನೆಗಳು ಜಾಸ್ತಿ. ಬುಧವಾರ, ಶುಕ್ರವಾರ, ಭಾನುವಾರ ಅಡಿಗೆಯೂ ತಾಜಾ, ಜನವೂ ಜೋರು. ಶ್ರಾವಣಕ್ಕೆ ಮುಂಚಿನ ಅಮಾವಾಸ್ಯೆ ಇದೆಯಲ್ಲ, ನಾವು ನಾಗರ ಅಮಾವಾಸ್ಯೆ ಅಂತೀವಿ, ಮರಾಠಿ ಮಂದಿ ಗಟಾರಿ ಅಂತಾರೆ, ಒಂದು ತಿಂಗಳಿಗೆ ಆಗೋವಷ್ಟು ಒಂದೇ ರಾತ್ರಿ ತಿಂದು ಕುಡಿದು ಮುಗಿಸುವ ದಿನ ಅದು. ಅವತ್ತು ಬಾರಿನಲ್ಲಿ ಕುರ್ಚಿ ಸಿಕ್ಕರೆ ನಿಮ್ಮ ಪುಣ್ಯ. ಚಳಿಗಾಲದಲ್ಲಿ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆದರೆ, ಸಾಮಾನ್ಯವಾಗಿ ಡಿಸೆಂಬರಿನಲ್ಲಿ, ಲಾಡ್ಜ್ ರೂಮುಗಳು ಸಿಗೋದೇ ಕಷ್ಟ. ಎಂಎಲ್‌ಎಗಳು, ಅವರ ಪಿಎಗಳು, ಪಿಎಗಳ ಡ್ರೈವರ್‌ಗಳು, ಎಲ್ಲರೂ ಊಟಕ್ಕೆ ಇಲ್ಲೇ ಬರಬೇಕಲ್ಲ. ಆ ದಿನಗಳನ್ನು ಬಿಟ್ಟು ಬನ್ನಿ. ಅಕ್ಟೋಬರ್ 2ರಂದು ಬಾಟಲಿ ಎಲ್ಲೂ ಸಿಗೋದಿಲ್ಲ, ವೋಟಿಂಗ್ ಮುಗಿಯುವ ಹಿಂದಿನ 48 ಗಂಟೆಯೂ ಬಂದ್. ಗಣಪತಿ ವಿಸರ್ಜನೆಗೂ ಬಂದ್ ಅಂತ ಡಿಸಿ ಆರ್ಡರ್ ಬರುತ್ತೆ. ಇಲ್ಲಿಯ ಮೆರವಣಿಗೆ ಕಪಿಲೇಶ್ವರ ಹೊಂಡ ಮುಟ್ಟುವಷ್ಟರಲ್ಲಿ ಮರುದಿನ ಬೆಳಗಾಗಿರುತ್ತೆ, ಅದನ್ನು ಲೆಕ್ಕಕ್ಕೆ ಹಿಡಿದುಕೊಂಡೇ ಪ್ಲಾನ್ ಮಾಡಿ.

ಇನ್ನು ಯಾರನ್ನು ಕೇಳಬೇಕು ಅನ್ನೋದು. ಲಾಡ್ಜ್ ಕೌಂಟರಿನಲ್ಲಿ ಕೂತವರನ್ನು ಕೇಳಿದರೆ ಕೆಳಗಿನ ಮಹಡಿಯ ಹೋಟೆಲನ್ನೇ ತೋರಿಸುತ್ತಾರೆ, ಅದು ಅವರದ್ದೇ. ಖಡೇಬಜಾರಿನಲ್ಲೋ ಗಣಪತ ಗಲ್ಲಿಯಲ್ಲೋ ಮಧ್ಯಾಹ್ನ ಒಂದು ಗಂಟೆಗೆ ಯಾವುದಾದರೂ ಅಂಗಡಿಯ ಹುಡುಗನನ್ನು ಮಾತಾಡಿಸಿ. 'ಇಲ್ಲಿ ಚಲೋ ಹೋಟೆಲ್ ಯಾವುದು' ಅಂತ ಕೇಳಿದರೆ ಹೊರಗಿನವರಿಗೆ ಹೇಳುವ ಹೆಸರು ಹೇಳುತ್ತಾನೆ. 'ತಮ್ಮಾ, ನೀ ಊಟಾ ಎಲ್ಲಿ ಮಾಡ್ತಿ?' ಅಂತ ಕೇಳಿ. ಒಂದು ಕ್ಷಣ ನಿಮ್ಮ ಮುಖ ನೋಡುತ್ತಾನೆ. ಆಮೇಲೆ 'ಇಲ್ಲೇ ಹಿಂದಿನ ಗಲ್ಯಾಗ ಐತ್ರಿ, ಬೋರ್ಡ್ ಇಲ್ಲ, ಮೆಟ್ಟಲಾ ಹತ್ತಬೇಕು' ಅಂತ ಬರುತ್ತಲ್ಲ, ಆ ಮೆಟ್ಟಿಲು ಹತ್ತಿ. ಮರಾಠಿಯಲ್ಲಿ ಉತ್ತರ ಬಂದರೆ ಗಾಬರಿ ಬೇಡ, ಇಲ್ಲಿ ಎರಡೂ ನಡೆಯುತ್ತೆ, ಕೈ ತೋರಿಸಿದ ಕಡೆ ಹೋದರೆ ಸಾಕು.

ಒಂದು ಪದ ಮಾತ್ರ ಊರಲ್ಲೇ ಬಿಟ್ಟು ಬನ್ನಿ. ಬೆಂಗಳೂರು, ಮೈಸೂರಿನವರು ಮಾಂಸದೂಟಕ್ಕೆ 'ಮಿಲಿಟರಿ ಹೋಟೆಲ್' ಅಂತೀರಿ. ಇಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಸೆಂಟರೇ ಇದೆ, ಮಿಲಿಟರಿ ಅಂದರೆ ನಿಜವಾದ ಮಿಲಿಟರಿ, ನಿಮ್ಮನ್ನು ಸೀದಾ ಕ್ಯಾಂಪ್, ಅಂದರೆ ದಂಡು ಪ್ರದೇಶದ ಕಡೆ ಕಳಿಸಿಬಿಡುತ್ತಾರೆ. ಖಾನಾವಳಿ ಅನ್ನಿ. ಖಾರ ತಡೆಯೋ ಧೈರ್ಯ ಇದ್ದರೆ ಸಾವಜಿ ಅನ್ನಿ. ಸಾವಜಿ ಅಂದರೆ ಎಸ್‌ಎಸ್‌ಕೆ (ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ) ಸಮಾಜದವರ ಅಡಿಗೆ, ನೇಕಾರಿಕೆ ಮಾಡಿಕೊಂಡು ಬಂದ ಜನ, ಹುಬ್ಬಳ್ಳಿ, ಗದಗ, ಬೆಳಗಾವಿ ಎಲ್ಲ ಕಡೆ ಇದ್ದಾರೆ. ಒಣಕೊಬ್ಬರಿ, ಗಸಗಸೆ ಹಾಕಿದ ಆ ಮಸಾಲೆ ಮೊದಲ ತುತ್ತಿಗೆ ಸುಮ್ಮನಿರುತ್ತೆ, ಮೂರನೆಯದಕ್ಕೆ ಕಿವಿ ಬಿಸಿ ಮಾಡುತ್ತೆ. ಖೀಮಾ ಉಂಡಿ ಇದೆಯಾ ಕೇಳಿ.

ಖಾನಾವಳಿ ಒಳ್ಳೆಯದೋ ಅಲ್ಲವೋ ತಿಳಿಯೋಕೆ ಬಾಗಿಲಲ್ಲಿ ಅರ್ಧ ನಿಮಿಷ ನಿಂತರೆ ಸಾಕು. ಕಿವಿ ಕೊಡಿ. ಒಳಗಿಂದ ಟಪ ಟಪ ಸದ್ದು ಬರುತ್ತಿದ್ದರೆ ಅಕ್ಕ ಒಬ್ಬರು ರೊಟ್ಟಿ ಬಡಿಯುತ್ತಿದ್ದಾರೆ ಅಂತ. ನಾನು ಹೋಗುವ ಕಡೆ ಅವರು ಒಲೆಯ ಪಕ್ಕ ನೆಲಕ್ಕೆ ಕೂತಿರುತ್ತಾರೆ, ಜೋಳದ ಹಿಟ್ಟಿನ ಮುದ್ದೆಯನ್ನು ಕಟ್ಟಿಗೆಯ ಪರಾತದಲ್ಲಿ ತಿರುಗಿಸುತ್ತಾ ಬಡಿದು, ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆಯಿಂದ ಒಂದು ಸಲ ನೀರು ಸವರುತ್ತಾರೆ. ನೀರು ಆರಿದ ಕೂಡಲೇ ಮಗುಚಿ, ಆಮೇಲೆ ಕೆಂಡಕ್ಕೆ ಆನಿಸಿದರೆ ರೊಟ್ಟಿ ಪೂರಿಯ ಹಾಗೆ ಉಬ್ಬುತ್ತೆ. ಅದು ತಟ್ಟೆಗೆ ಬೀಳುವಾಗ ಇನ್ನೂ ಉಸಿರು ಬಿಡುತ್ತಿರುತ್ತೆ. ಅಂಥ ರೊಟ್ಟಿ ಇರುವ ಕಡೆ ಪಲ್ಯ ಕೆಟ್ಟದ್ದು ಇರೋದನ್ನು ನಾನಂತೂ ಕಂಡಿಲ್ಲ. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ ಕೇಳದೆಯೇ ಬರಬೇಕು. ಮಧ್ಯಾಹ್ನ ಎರಡೂವರೆ ಮೇಲೆ ಹೋಗಬೇಡಿ, ತಳ ಹಿಡಿದದ್ದು ಸಿಗುತ್ತೆ.

ಬಿರಿಯಾನಿಗೆ ನಿಯಾಜ್ ಹೆಸರನ್ನು ಯಾರನ್ನು ಕೇಳಿದರೂ ಹೇಳುತ್ತಾರೆ, ನಾನು ಬೇರೆ ಹೇಳಬೇಕಿಲ್ಲ. ಕೊಲ್ಲಾಪುರ ಹತ್ತಿರ ಇರೋದರಿಂದ ತಾಂಬಡಾ ರಸ್ಸಾ, ಪಾಂಢರಾ ರಸ್ಸಾ, ಅಂದರೆ ಕೆಂಪು, ಬಿಳಿ ಮಾಂಸದ ಸಾರು ಕೊಡುವ ಥಾಳಿ ಮನೆಗಳಿವೆ. ಗೋವಾ ಇನ್ನೊಂದು ದಿಕ್ಕಿಗೆ ಇರೋದರಿಂದ ಮೀನೂ ಬರುತ್ತೆ. ಮೀನಿನ ಥಾಳಿಯಲ್ಲಿ ಸೋಲಕಢಿ, ಅಂದರೆ ಕೋಕಂ, ತೆಂಗಿನಹಾಲಿನ ಪಾನೀಯ, ತೆಳ್ಳಗೆ, ತಿಳಿಗುಲಾಬಿ ಬಣ್ಣದಲ್ಲಿ ಇದ್ದರೆ ಸರಿ. ಕಡು ಗುಲಾಬಿ ಇದ್ದರೆ ಬಣ್ಣ ಹಾಕಿರಬಹುದು.

ಈಗ ಬಾಟಲಿ ವಿಷಯ. ಹೊರಗಿನವರು ಎಡವೋದು ಇಲ್ಲೇ. ಅಂಗಡಿ ಬೋರ್ಡಿನಲ್ಲಿ ಲೈಸೆನ್ಸ್ ನಂಬರ್ ಇರುತ್ತೆ, ಅದನ್ನು ಓದೋದು ಕಲಿತರೆ ಅರ್ಧ ಕೆಲಸ ಮುಗೀತು. ಸಿಎಲ್-2 ಅಂದರೆ ವೈನ್ ಶಾಪ್, ಪಾರ್ಸಲ್ ಮಾತ್ರ, ಅಲ್ಲೇ ನಿಂತು ಕುಡಿಯೋ ಹಾಗಿಲ್ಲ. ಸಿಎಲ್-9 ಅಂದರೆ ಬಾರ್ ಅಂಡ್ ರೆಸ್ಟೋರೆಂಟ್. ಸಿಎಲ್-7 ಲಾಡ್ಜ್ ಜೊತೆಗಿನ ಬಾರ್. ಎಂಎಸ್‌ಐಎಲ್ ಅಂತ ಇದ್ದರೆ ಸರ್ಕಾರಿ ಕಂಪನಿಯ ಮಳಿಗೆ, ಎಂಆರ್‌ಪಿಗೆ ಕೊಡುತ್ತಾರೆ, ಚಿಲ್ಲರೆಗೆ ಜಗಳ ಇಲ್ಲ, ಆದರೆ ಬ್ರ್ಯಾಂಡ್ ಕಡಿಮೆ. ವೈನ್ ಶಾಪ್ ಬಾರಿಗಿಂತ ಮೊದಲೇ ಬಾಗಿಲು ಹಾಕುತ್ತೆ, ರಾತ್ರಿ ಹತ್ತರೊಳಗೆ ಹೋಗಿಬಿಡಿ. ವಯಸ್ಸು 21 ಆಗಿರಬೇಕು. ಇಷ್ಟಾಗಿ ವೈನ್ ಶಾಪಿನಲ್ಲಿ ವೈನ್ ಕೇಳಿದರೆ ಕೌಂಟರಿನವರು ನಿಮ್ಮನ್ನು ಅನುಮಾನದಿಂದ ನೋಡುತ್ತಾರೆ, ಅದು ಬೇರೆ ಮಾತು.

ವೈನ್ ಬೇಕೇ ಬೇಕು ಅಂದರೆ ಒಳಗೆ ಕಾಲಿಟ್ಟು ಬಾಟಲಿ ಆರಿಸಿಕೊಳ್ಳಲು ಬಿಡುವ ದೊಡ್ಡ ಅಂಗಡಿ ಹುಡುಕಿ, ಕ್ಯಾಂಪ್, ತಿಲಕವಾಡಿ ಕಡೆ ಕೇಳಿ. ಕಬ್ಬಿಣದ ಜಾಲರಿ, ಅದರಲ್ಲೊಂದು ಕಿಂಡಿ, ಆ ಕಿಂಡಿಯಲ್ಲಿ ಹತ್ತು ಕೈ ಇರುವ ಕಡೆ ಕ್ವಾರ್ಟರ್ ತಗೋಬಹುದು, ವೈನ್ ಆರಿಸಲಾಗಲ್ಲ. ಬಿಸಿಲು ಬೀಳುವ ಶೆಲ್ಫಿನಲ್ಲಿ ನಿಲ್ಲಿಸಿಟ್ಟ ಕಾರ್ಕ್ ಬಾಟಲಿ ಮುಟ್ಟಬೇಡಿ. ಬೀರ್ ಆದರೆ ತಯಾರಾದ ತಿಂಗಳು ನೋಡಿ, ಎರಡು ಮೂರು ತಿಂಗಳೊಳಗಿನದ್ದು ತಗೊಳ್ಳಿ. ವಿಸ್ಕಿ ಉಡುಗೊರೆ ಕೊಡಬೇಕಂದರೆ ಸ್ಕಾಚೇ ಆಗಬೇಕು ಅಂತೇನಿಲ್ಲ. ಬೆಂಗಳೂರಿನ ಅಮೃತ್ ಡಿಸ್ಟಿಲರಿ ಶುರುವಾಗಿದ್ದು 1948ರಲ್ಲಿ, 2004ರಲ್ಲಿ ಅವರು ತಮ್ಮ ಸಿಂಗಲ್ ಮಾಲ್ಟ್ ಮೊದಲು ಮಾರಾಟಕ್ಕೆ ಬಿಟ್ಟಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಉಪ್ಪಿನಕಾಯಿ ಮಾರೋಕೆ ಆಂಧ್ರಕ್ಕೇ ಹೋದ ಹಾಗೆ. ಮುಚ್ಚಳದ ಮೇಲೆ ಅಬಕಾರಿ ಇಲಾಖೆಯ ಸೀಲ್ ಚೀಟಿ ಹರಿಯದೆ ಇದೆಯಾ ನೋಡಿಕೊಳ್ಳಿ.

ಇನ್ನೊಂದು ಮಾತು, ಇದು ಬೆಳಗಾವಿಯಂಥ ಗಡಿ ಊರಿನಲ್ಲಿ ಬರುವ ತೊಂದರೆ. ಯಾರಾದರೂ ನಿಮ್ಮ ಕಿವಿಯ ಹತ್ತಿರ ಬಂದು 'ಗೋವಾ ಮಾಲ್ ಐತಿ', 'ಮಿಲಿಟರಿ ಮಾಲ್ ಐತಿ, ಅರ್ಧಾ ರೇಟ್' ಅಂದರೆ ಬೇಡ ಅನ್ನಿ. ಗೋವಾ ಬಾಟಲಿ ಗೋವಾದಲ್ಲಿ ಮಾತ್ರ ಮಾರೋಕೆ, ಕ್ಯಾಂಟೀನ್ ಬಾಟಲಿ ಸೈನಿಕರಿಗೆ ಮಾತ್ರ, ಲೇಬಲ್ಲಿನ ಮೇಲೇ ಬರೆದಿರುತ್ತೆ. ನಮ್ಮ ಮಾವನ ಮಗ ಒಬ್ಬ ಚೋರ್ಲಾ ಘಾಟಿನಿಂದ ವಾಪಸ್ ಬರುವಾಗ ಡಿಕ್ಕಿಯಲ್ಲಿ ನಾಲ್ಕು ಬಾಟಲಿ ಫೆನಿ ಇಟ್ಟುಕೊಂಡು ಬಂದ, ಕಣಕುಂಬಿ ಚೆಕ್‌ಪೋಸ್ಟ್‌ನಲ್ಲಿ ಸಿಕ್ಕಿಬಿದ್ದ, ಸಂಜೆ ಮದುವೆಗೆ ಬರಬೇಕಿದ್ದವನು ಬೆಳಿಗ್ಗೆ ಅಕ್ಕಿಕಾಳಿಗೂ ಇರಲಿಲ್ಲ. ಫೆನಿ ಕುಡಿಯಬೇಕು ಅನಿಸಿದರೆ ಗೋವಾದಲ್ಲೇ ಕುಡಿದು ಬನ್ನಿ. ಸಾರಾಯಿಯಂತೂ 2007ರ ಜುಲೈಯಿಂದಲೇ ರಾಜ್ಯದಲ್ಲಿ ಬಂದ್ ಆಗಿದೆ, ಈಗ ಆ ಹೆಸರಲ್ಲಿ ಸಿಗೋದು ಕಳ್ಳಭಟ್ಟಿ, ಕಣ್ಣು ಹೋಗೋದು ಗಾದೆ ಮಾತಲ್ಲ.

ಬಾರ್ ಆರಿಸುವಾಗ ನಾನು ಮೊದಲು ಕೈ ತೊಳೆಯೋಕೆ ಹೋಗುತ್ತೇನೆ. ಬಾತ್‌ರೂಮ್ ಹೇಗಿದೆಯೋ ಅಡಿಗೆಮನೆ ಹಾಗೇ. ಆಮೇಲೆ ಮೆನು ಕಾರ್ಡ್ ತರಿಸಿ ಎಸಿ ರೂಮಿಗೆ ಬೇರೆ ರೇಟಾ ಕೇಳಿ, ಬಹಳ ಕಡೆ ಬೇರೆ ಇರುತ್ತೆ, ಕೇಳದೆ ಕೂತರೆ ಬಿಲ್ ನೋಡಿ ಮುಖ ಸಣ್ಣದಾಗುತ್ತೆ. ಗೊತ್ತಿಲ್ಲದ ಬಾರಿನಲ್ಲಿ ಲೂಸ್ ಪೆಗ್ ಬೇಡ, ಕ್ವಾರ್ಟರ್ ತರಿಸಿ, ಟೇಬಲ್ ಮೇಲೇ ಸೀಲ್ ಒಡೆಸಿ, 180 ಎಂಎಲ್ ಇಬ್ಬರಿಗೆ ಸಾಕಾಗುತ್ತೆ. ಮಸಾಲಾ ಶೇಂಗಾ ಹೇಳಿ ನೋಡಿ. ಶೇಂಗಾ ಗರಿಗರಿ ಇದ್ದು, ಉಳ್ಳಾಗಡ್ಡಿ ಆಗಲೇ ಹೆಚ್ಚಿದ್ದಾದರೆ ಊಟವನ್ನೂ ಅಲ್ಲೇ ಹೇಳಬಹುದು. ಶೇಂಗಾ ಮೆತ್ತಗಿದ್ದರೆ ಬಿಲ್ ಕೊಟ್ಟು ಎದ್ದು ಖಾನಾವಳಿಗೆ ನಡೆಯಿರಿ. ಬಿಲ್ಲಿನಲ್ಲಿ ಜಿಎಸ್‌ಟಿ ಊಟದ ಮೇಲೆ ಮಾತ್ರ ಇರಬೇಕು, ಎಣ್ಣೆಗೆ ಜಿಎಸ್‌ಟಿ ಇಲ್ಲ. ಹೆಂಡತಿ ಮಕ್ಕಳ ಜೊತೆ ಬಂದಿದ್ದರೆ 'ಫ್ಯಾಮಿಲಿ ರೂಮ್' ಬೋರ್ಡ್ ನಂಬಬೇಡಿ, ಒಂದು ಸಲ ಇಣುಕಿ ಒಳಗೆ ನಿಜವಾಗಿ ಫ್ಯಾಮಿಲಿ ಕೂತಿದೆಯಾ ನೋಡಿ. ಎಷ್ಟೋ ಕಡೆ ನಾಲ್ಕು ಗೆಳೆಯರೇ ಫ್ಯಾಮಿಲಿ.

ಗಾಡಿ ಲಾಡ್ಜಿನಲ್ಲೇ ಬಿಡಿ. ಕುಡಿದು ಓಡಿಸಿ ಸಿಕ್ಕರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಅದರಲ್ಲಿ ಎಷ್ಟು ಆಟೋ ಬರುತ್ತೆ ಲೆಕ್ಕ ಹಾಕಿ. ಆಟೋ ಹತ್ತುವ ಮೊದಲೇ ರೇಟ್ ಮಾತಾಡಿಕೊಳ್ಳಿ.

ಕೊನೆಯ ದಿನ ಕುಂದಾ. ಕ್ಯಾಂಪ್ ಪುರೋಹಿತ್ ಹೆಸರು ಎಲ್ಲರಿಗೂ ಗೊತ್ತು, ಬೇರೆ ಕಡೆಯೂ ಚೆನ್ನಾಗಿ ಮಾಡುತ್ತಾರೆ. ಪ್ಯಾಕ್ ಮಾಡಿಸುವ ಮೊದಲು ಒಂದು ಚಮಚ ರುಚಿಗೆ ಕೇಳಿ, ಕೊಡುತ್ತಾರೆ. ನಾಲಿಗೆಗೆ ಹರಳು ಹರಳಾಗಿ ಸಿಗಬೇಕು, ಹಾಲು ಕಾದು ಕಾದು ಕೆಂಪಾದ ವಾಸನೆ ಬರಬೇಕು. ಬರೀ ಸಕ್ಕರೆ ಸಿಕ್ಕರೆ ಮುಂದಿನ ಅಂಗಡಿ. ಯಾವತ್ತು ಮಾಡಿದ್ದು ಅಂತ ಕೇಳಿ, ಬಸ್ಸಿಗೆ ಹೋಗುವ ಹೊತ್ತಿಗೆ ತಗೊಳ್ಳಿ. ಮೈಸೂರಿನ ಗೆಳೆಯನಿಗೆ ಆ ಸೋಮವಾರ ನಾನು ಒಂದು ಕಿಲೋ ಕಟ್ಟಿಸಿ ಕೊಟ್ಟೆ. ಮಟನ್ ಬಗ್ಗೆ ಇವತ್ತಿಗೂ ಬೈಯುತ್ತಾನೆ, ಕುಂದಾ ಮಾತ್ರ ಹಾಸನ ಬರುವಷ್ಟರಲ್ಲಿ ಖಾಲಿ ಆಗಿತ್ತಂತೆ.