ಬಾಡಿಗೆ ಜಿಪಿಯುಗಳಲ್ಲಿ ಟರ್ಬೈನ್ ಬ್ಲೇಡ್‌ನ ಒತ್ತಡ ನಷ್ಟ ಲೆಕ್ಕಹಾಕಿದ ನನ್ನ ಅನುಭವ

ಕಡಿಮೆ ಒತ್ತಡದ ಟರ್ಬೈನ್ ಬ್ಲೇಡ್‌ನ ಪ್ರೊಫೈಲ್ ನಷ್ಟವನ್ನು (ಬ್ಲೇಡ್‌ನ ಮೇಲ್ಮೈಯ ಹರಿವಿನಿಂದಲೇ ಆಗುವ ಒತ್ತಡ ನಷ್ಟವನ್ನು) ಎಲ್‌ಇಎಸ್ (ದೊಡ್ಡ ಸುಳಿಗಳನ್ನು ನೇರವಾಗಿ ಲೆಕ್ಕಹಾಕುವ ವಿಧಾನ) ಮೂಲಕ ಲೆಕ್ಕಹಾಕುವ ಕೆಲಸಕ್ಕೆ ಸೂಪರ್‌ಕಂಪ್ಯೂಟರ್ ಇಲ್ಲದವರು ಕೈಹಾಕಬಾರದೆಂದು ನನಗೆ ಹೇಳದವರೇ ಕಡಿಮೆ. ಟಿ106ಎ ಎಂಬ ಪರೀಕ್ಷಾ ಬ್ಲೇಡ್‌ಗಳ ಸಾಲಿನಲ್ಲಿ (ಕ್ಯಾಸ್ಕೇಡ್), ರೆನಾಲ್ಡ್ಸ್ ಸಂಖ್ಯೆ (ಹರಿವಿನ ಜಡತ್ವಕ್ಕೂ ಸ್ನಿಗ್ಧತೆಗೂ ಇರುವ ಅನುಪಾತ) 60,000ದ ಆಸುಪಾಸಿನಲ್ಲಿರುವಾಗ, ಬಾಡಿಗೆಗೆ ಪಡೆದ ಕೆಲವೇ ಜಿಪಿಯುಗಳ ಮೇಲೆ ನಾನು ಪಡೆದ ನಷ್ಟ ಗುಣಾಂಕವು ಈಗ ಪ್ರಯೋಗದಲ್ಲಿ ಅಳೆದ ಮೌಲ್ಯದಿಂದ ಸುಮಾರು ಶೇ. 4–5ರಷ್ಟು ಮಾತ್ರ ದೂರವಿದೆ.

ಮೊದಲು ಎಲ್ಲರಂತೆ ಎಸ್‌ಎಸ್‌ಟಿ ಮಾದರಿಯನ್ನೇ (ಪ್ರಕ್ಷುಬ್ಧತೆಯ ಸರಾಸರಿ ಪರಿಣಾಮವನ್ನಷ್ಟೇ ಅಂದಾಜಿಸುವ ಅಗ್ಗದ ಮಾದರಿ) ಓಡಿಸಿದ್ದೆ. ಅದು ಗಡಿಪದರವನ್ನು (ಮೇಲ್ಮೈಗೆ ತಾಗಿದ ತೆಳು ಹರಿವನ್ನು) ಆರಂಭದಿಂದಲೇ ಪ್ರಕ್ಷುಬ್ಧವೆಂದು ಪರಿಗಣಿಸುವುದರಿಂದ ಸಕ್ಷನ್ ಬದಿಯ (ಕಡಿಮೆ ಒತ್ತಡದ ಉಬ್ಬು ಬದಿಯ) ಹಿಂಭಾಗದಲ್ಲಿರಬೇಕಾದ ಬೇರ್ಪಡಿಕೆಯ ಗುಳ್ಳೆ, ಎಂದರೆ ಹರಿವು ಮೇಲ್ಮೈಯನ್ನು ಬಿಟ್ಟು ಮತ್ತೆ ಅಂಟಿಕೊಳ್ಳುವ ಜಾಗ, ಕಾಣಿಸಲೇ ಇಲ್ಲ. ನಯವಾದ ಹರಿವು ಪ್ರಕ್ಷುಬ್ಧವಾಗುವುದನ್ನು ಅಂದಾಜಿಸುವ ಸಂಕ್ರಮಣ ಮಾದರಿಯನ್ನು ಸೇರಿಸಿದಾಗ ಗುಳ್ಳೆ ಬಂದಿತಾದರೂ ವೇಕ್ (ಬ್ಲೇಡ್‌ನ ಹಿಂದೆ ಉಳಿಯುವ ನಿಧಾನ ಹರಿವಿನ ಪಟ್ಟಿ) ಮಾತ್ರ ಅಳತೆಗಿಂತ ಆಳವಾಗಿ, ಕಿರಿದಾಗಿ ಉಳಿಯಿತು. ಬ್ಲೇಡ್ ಮೇಲಿನ ಒತ್ತಡ ಹಂಚಿಕೆ ಹೊಂದಿತೆಂದು ನಷ್ಟವೂ ಹೊಂದುತ್ತದೆಂದು ನಂಬುವವರು ಈ ವೇಕನ್ನೊಮ್ಮೆ ನೋಡಬೇಕು.

ಎಲ್‌ಇಎಸ್‌ಗೆ ಬಂದಮೇಲೆ ಹಣ ಕರಗತೊಡಗಿತು. ಇಡೀ ಮಾರ್ಗವನ್ನು ಸಮನಾಗಿ ಸೂಕ್ಷ್ಮಗೊಳಿಸಿದ ಮೆಶ್ (ಲೆಕ್ಕದ ಕೋಶಗಳ ಜಾಲ) ನನ್ನ ಬಜೆಟ್‌ನ ಅರ್ಧಕ್ಕಿಂತ ಹೆಚ್ಚನ್ನು ನುಂಗಿತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಬಳಿಕ ಪ್ರೆಶರ್ ಬದಿಯನ್ನು ಸಾಕಷ್ಟು ಒರಟಾಗಿಯೇ ಬಿಟ್ಟು, ಸಕ್ಷನ್ ಬದಿಯ ಕೊನೆಯ ಅರ್ಧ ಮತ್ತು ವೇಕ್‌ನ ಆರಂಭಕ್ಕೆ ಕೋಶಗಳನ್ನು ಸುರಿದೆ: ಗೋಡೆಯ ಬಳಿ ವೈ-ಪ್ಲಸ್ (ಗೋಡೆಯ ಹರಿವಿನ ಮಾಪಕದಲ್ಲಿ ಅಳೆದ ಕೋಶದ ದೂರ) 1ಕ್ಕಿಂತ ಕಡಿಮೆ, ಅದೇ ಮಾಪಕದಲ್ಲಿ ಕೋಶದ ಗಾತ್ರ ಹರಿವಿನ ದಿಕ್ಕಿನಲ್ಲಿ 40ರಷ್ಟು, ಬ್ಲೇಡ್‌ನ ಎತ್ತರದ ದಿಕ್ಕಿನಲ್ಲಿ 15–20. ವೆಚ್ಚ ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿಯಿತು. ನಿರ್ಗಮನದಿಂದ ಪ್ರತಿಫಲಿಸಿ ಬರುತ್ತಿದ್ದ ಒತ್ತಡದ ಅಲೆಗಳು ಅವನ್ನು ಹೀರಿಕೊಳ್ಳುವ ಸ್ಪಂಜ್ ಪದರ ಹಾಕಿದ ಮೇಲೆ ಅಡಗಿದವು.

ಆದರೂ ನಷ್ಟ ಹೆಚ್ಚೇ ಬರುತ್ತಿತ್ತು, ಕಾರಣವಿದ್ದದ್ದು ಒಳಹರಿವಿನಲ್ಲಿ. ಪ್ರವೇಶದಲ್ಲಿ 4% ಪ್ರಕ್ಷುಬ್ಧತೆಯನ್ನು ಕೊಟ್ಟರೂ ಅದು ಬ್ಲೇಡ್‌ನ ಮುಂಗಡಿಯನ್ನು ತಲುಪುವಷ್ಟರಲ್ಲಿ 2%ಕ್ಕಿಂತ ಕೆಳಗೆ ಕುಸಿಯುತ್ತಿತ್ತು; ಹೀಗಾಗಿ ಸಂಕ್ರಮಣ ತಡವಾಗಿ, ಗುಳ್ಳೆ ಉದ್ದವಾಗಿ, ವೇಕ್ ದಪ್ಪವಾಗುತ್ತಿತ್ತು. ತೀವ್ರತೆಯನ್ನು ಪ್ರವೇಶದ ಬದಲು ಮುಂಗಡಿಯಲ್ಲಿ ಹೊಂದಿಸಿದಾಗಲೇ ಉತ್ತರ ದಾರಿಗೆ ಬಂದಿತು. ಅದಕ್ಕೆ ಬೇಕಾದ ಸುಳಿಗಳ ಉದ್ದದ ಅಳತೆಯನ್ನು ಆಯ್ದುಕೊಳ್ಳುವ ನನ್ನ ಕ್ರಮವನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಕುತೂಹಲಕ್ಕೆಂದು ಬ್ಲೇಡ್‌ಗಳ ನಡುವಿನ ಅಂತರವನ್ನು ಕಾರ್ಡ್‌ನ (ಬ್ಲೇಡ್‌ನ ಮುಂಗಡಿಯಿಂದ ಹಿಂಗಡಿಯವರೆಗಿನ ನೇರ ಉದ್ದದ) 0.799 ಪಟ್ಟಿನಿಂದ 0.95ಕ್ಕೆ, ಎಂದರೆ ಅದೇ ಬ್ಲೇಡ್‌ಗಳನ್ನು ದೂರ ದೂರ ಜೋಡಿಸಿದ ಟಿ106ಸಿಯ ಮಟ್ಟಕ್ಕೆ, ಏರಿಸಿಯೂ ನೋಡಿದೆ. ಕಡಿಮೆ ಪ್ರಕ್ಷುಬ್ಧತೆಯಲ್ಲಿ ಬೇರ್ಪಟ್ಟ ಹರಿವು ಮತ್ತೆ ಮೇಲ್ಮೈಗೆ ಅಂಟಿಕೊಳ್ಳಲೇ ಇಲ್ಲ, ನಷ್ಟವಂತೂ ಜಿಗಿಯಿತು. ಅಂಥ ತೆರೆದ ಬೇರ್ಪಡಿಕೆಯಲ್ಲಿ ಕಾರ್ಡ್‌ನ 10%ದಷ್ಟು ಎತ್ತರದ ಲೆಕ್ಕದ ಪ್ರದೇಶ ಸಾಲದು. 20% ಕೊಟ್ಟ ಮೇಲೆಯೇ ಸರಾಸರಿಗಳು ಸ್ಥಿರವಾಗಿ ನಿಂತವು.

ಇದೆಲ್ಲ ಪ್ರೊಫೈಲ್ ನಷ್ಟದ ಮಾತಾಯಿತು. ಒಟ್ಟು ನಷ್ಟದಲ್ಲಿ ಪ್ರೊಫೈಲ್, ಎಂಡ್‌ವಾಲ್ (ಬ್ಲೇಡ್‌ನ ಎರಡು ಕೊನೆಗಳ ಗೋಡೆ) ಮತ್ತು ತುದಿಯ ಸೋರಿಕೆಗಳ ಪಾಲು ಸ್ಥೂಲವಾಗಿ ತಲಾ ಮೂರನೆಯ ಒಂದರಷ್ಟೆಂಬುದು ಈ ಕ್ಷೇತ್ರದ ಹಳೆಯ ಅಂದಾಜು. ಎಂಡ್‌ವಾಲ್‌ಗೆ ಬ್ಲೇಡ್‌ನ ಪೂರ್ಣ ಎತ್ತರವೇ ಬೇಕಾಗುವುದರಿಂದ ಕೋಶಗಳ ಸಂಖ್ಯೆ ಹತ್ತು ಪಟ್ಟಾದರೂ ಏರುತ್ತದೆ, ಆ ಬಾಡಿಗೆಯನ್ನು ಕೊಡಲು ಇನ್ನೂ ಯಾರೂ ಒಪ್ಪಿಲ್ಲ.