ಐ7 ಲ್ಯಾಪ್‌ಟಾಪ್‌ಗೆ ಹೆಚ್ಚು ಹಣ ಕೊಡುವ ಮುನ್ನ

ಲ್ಯಾಪ್‌ಟಾಪ್ ಕೊಳ್ಳಲು ಹೊರಟಿರುವ ಸದಸ್ಯರಲ್ಲಿ ನನ್ನದೊಂದು ವಿನಂತಿ: ಇಂಟೆಲ್ ಕಂಪನಿಯ ಪ್ರೊಸೆಸರ್‌ಗಳಿಗಿರುವ (ಪ್ರೊಸೆಸರ್ ಎಂದರೆ ಯಂತ್ರದ ಕೆಲಸವನ್ನೆಲ್ಲ ನಡೆಸುವ ಮುಖ್ಯ ಚಿಪ್) ಐ5, ಐ7 ಎಂಬ ಹೆಸರನ್ನಷ್ಟೇ ನೋಡಿ ಬೆಲೆಯ ವ್ಯತ್ಯಾಸವನ್ನು ಒಪ್ಪಿಕೊಳ್ಳದೆ, ಅದರ ಮುಂದಿನ ಅಂಕಿಗಳನ್ನೂ ಕೊನೆಯ ಅಕ್ಷರವನ್ನೂ ದಯವಿಟ್ಟು ಓದಿರಿ.

ಇಂಟೆಲ್ 2022ರಲ್ಲಿ ಹೊರತಂದ ಐ5-1235ಯು ಮತ್ತು ಐ7-1255ಯು ಪ್ರೊಸೆಸರ್‌ಗಳನ್ನೇ ತೆಗೆದುಕೊಳ್ಳೋಣ. ಎರಡರಲ್ಲೂ 10 ಕೋರ್ (ಕೆಲಸ ಮಾಡುವ ಘಟಕ), 12 ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಎಳೆ), 12 ಎಂಬಿ ಕ್ಯಾಶ್ (ಪ್ರೊಸೆಸರ್‌ನೊಳಗಿನ ವೇಗದ ಪುಟ್ಟ ಮೆಮೊರಿ) ಇವೆ; ಗರಿಷ್ಠ ವೇಗ ಮೊದಲನೆಯದರಲ್ಲಿ 4.4, ಎರಡನೆಯದರಲ್ಲಿ 4.7 ಗಿಗಾಹರ್ಟ್ಸ್. ಗ್ರಾಫಿಕ್ಸ್ ಐ7ರಲ್ಲಿ ತುಸು ಹೆಚ್ಚೆಂಬುದನ್ನು ಬಿಟ್ಟರೆ, ಹೆಚ್ಚುವರಿ ಹಣಕ್ಕೆ ಸಿಗುವುದು ಸುಮಾರು ಶೇ. 7ರಷ್ಟು ವೇಗ, ಅದೂ ತೆಳುವಾದ ಯಂತ್ರ ಬಿಸಿಯೇರಿ ತನ್ನ ವೇಗವನ್ನು ತಗ್ಗಿಸಿಕೊಳ್ಳುವವರೆಗೆ ಮಾತ್ರ. ಕೊನೆಯ ಅಕ್ಷರ ಇದಕ್ಕಿಂತ ಮುಖ್ಯವೆಂದು ನನ್ನ ಅಭಿಪ್ರಾಯ: ಯು ಎಂದರೆ ಕಡಿಮೆ ವಿದ್ಯುತ್ ಬಳಸುವಂಥದ್ದು, ಎಚ್ ಎಂದರೆ ಹೆಚ್ಚು ವಿದ್ಯುತ್ ಬಳಸಿ ಹೆಚ್ಚು ಕೆಲಸ ಮಾಡುವಂಥದ್ದು. 15 ವ್ಯಾಟ್‌ನ ಐ7-1255ಯುವಿನಲ್ಲಿ ವೇಗದ ಕೋರ್‌ಗಳು 2 ಮಾತ್ರ ಇದ್ದರೆ, 45 ವ್ಯಾಟ್‌ನ ಐ5-12500ಎಚ್‌ನಲ್ಲಿ ಅಂಥವು 4 ಇವೆ. ಆದ್ದರಿಂದ ವಿಡಿಯೊ ಎಡಿಟಿಂಗ್‌ನಂತಹ ದೀರ್ಘ ಕೆಲಸಕ್ಕೆ ಐ5 ಎಂಬ ಹೆಸರಿನದೇ ಮೇಲು. ಬ್ಯಾಟರಿ ಬೇಗ ಕರಗುವುದು ಮಾತ್ರ ಅದರ ಕೊರತೆ.

ಈಗಾಗಲೇ ವಿಂಡೋಸ್ ಯಂತ್ರವಿರುವವರು, ಅದು ನಿಧಾನವಾದಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಯಂತ್ರದ ಯಾವ ಭಾಗ ಎಷ್ಟು ಬಳಕೆಯಲ್ಲಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿರಿ. ಸಿಪಿಯು (ಅಂದರೆ ಪ್ರೊಸೆಸರ್) ಬಹಳ ಹೊತ್ತು ಶೇ. 100ರ ಬಳಿಯೇ ನಿಂತಿದ್ದರೆ ವೇಗದ ಪ್ರೊಸೆಸರ್‌ಗೆ ಹಣ ಹಾಕುವುದು ಸರಿ. ಮೆಮೊರಿ (ರ‍್ಯಾಮ್, ಅಂದರೆ ನಡೆಯುತ್ತಿರುವ ಕೆಲಸವನ್ನು ಇಟ್ಟುಕೊಳ್ಳುವ ಜಾಗ) ತುಂಬಿದ್ದರೆ ಅದೇ ಹಣದಲ್ಲಿ 8ರ ಬದಲು 16 ಜಿಬಿ ರ‍್ಯಾಮ್ ಇರುವುದನ್ನು ಆರಿಸಿರಿ; ಅನೇಕ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಅನ್ನು ಬೋರ್ಡಿಗೇ ಬೆಸೆದಿರುವುದರಿಂದ ಅದನ್ನು ಮುಂದೆ ಹೆಚ್ಚಿಸಲು ಬರುವುದಿಲ್ಲ.