ಪಾತ್ ದ ಕ್ವಾಂ: ಕ್ವಿನ್ಸ್ ಹಣ್ಣನ್ನು ಕೆಂಪಗೆ ಕಾಯಿಸುವ ಬಗೆ

ಸೇಬು, ಪೇರ್‌ಗಳ ಬಳಗದ ಕ್ವಿನ್ಸ್ ಹಣ್ಣು ಹಸಿಯಾಗಿ ತಿಂದರೆ ಒಗರು, ಕಚ್ಚಲೂ ಬಾರದಷ್ಟು ಗಟ್ಟಿ. ಬೆಂದ ಮೇಲೆಯೇ ಅದರ ರುಚಿ. ಫ್ರೆಂಚರು ಇದನ್ನು ‘ಕ್ವಾಂ’ ಎನ್ನುತ್ತಾರೆ. ಬರಹದ ಕೊನೆಯಲ್ಲಿರುವ ‘ಗ’ ಬಾಯಲ್ಲಿ ಬರುವುದಿಲ್ಲ. ಒರ್ಲೆಯಾಂ ಊರಿನ ‘ಕೊತಿನ್ಯಾಕ್’ ಇದರ ರಸದ ತಿಳಿ ಜೆಲ್ಲಿ, ಪುಟ್ಟ ಮರದ ಡಬ್ಬಿಯಲ್ಲಿ ಬರುತ್ತದೆ. ಇಲ್ಲಿ ಹೇಳುತ್ತಿರುವುದು ತಿರುಳಿನಿಂದ ಮಾಡುವ ಗಟ್ಟಿ ಸಿಹಿ ‘ಪಾತ್ ದ ಕ್ವಾಂ’. ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್‌ನಲ್ಲಿ ಕ್ರಿಸ್ಮಸ್ ಹಿಂದಿನ ರಾತ್ರಿಯ 13 ಸಿಹಿಗಳ ಸಾಲಿನಲ್ಲಿ ಇದೂ ಇರುತ್ತದೆ. ಭಾರತದಲ್ಲಿ ಈ ಹಣ್ಣು ಬೇಕೆಂದರೆ ಕಾಶ್ಮೀರದ್ದನ್ನೇ ಹುಡುಕಬೇಕು.

ಪೂರ್ತಿ ಹಳದಿಯಾಗಿ ಘಮ್ಮೆನ್ನುವ, ಆದರೆ ಮೆತ್ತಗಾಗದ ಹಣ್ಣು 1.5 ಕೆಜಿ ತೆಗೆದುಕೊಳ್ಳಿ. ಅತಿಯಾಗಿ ಮಾಗಿದರೆ ಹಣ್ಣಿನ ಪಾಕವನ್ನು ಹಿಡಿದು ಗಟ್ಟಿ ಮಾಡುವ ಅಂಶವಾದ ಪೆಕ್ಟಿನ್ ಕುಗ್ಗಿ, ಗಟ್ಟಿಯಾಗಲು ಸತಾಯಿಸುತ್ತದೆ. ಮೇಲಿನ ಬೂದು ನವಿರನ್ನು ಒರಟು ಬಟ್ಟೆಯಿಂದ ಉಜ್ಜಿ ತೊಳೆಯಿರಿ. ಸಿಪ್ಪೆ ತೆಗೆಯಬೇಡಿ. ಭಾರದ ಚಾಕುವಿನಿಂದ ನಾಲ್ಕು ಹೋಳು ಮಾಡಿ, ನಡುವಿನ ಗಟ್ಟಿ ಭಾಗವನ್ನೂ ಬೀಜಗಳನ್ನೂ ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಹೋಳುಗಳ ಜೊತೆಗೇ ಹಾಕಿ. ಪೆಕ್ಟಿನ್ ಹೆಚ್ಚಿರುವುದು ಅಲ್ಲೇ. ಬೀಜ ಜಜ್ಜಬಾರದು, ಅದರೊಳಗಿನ ಅಂಶ ಒಳ್ಳೆಯದಲ್ಲ.

ಮುಳುಗುವಷ್ಟು ನೀರಲ್ಲಿ 40–50 ನಿಮಿಷ ಬೇಯಿಸಿ. ಗಂಟು ತೆಗೆದು, ನೀರನ್ನು ಚೆನ್ನಾಗಿ ಬಸಿಯಿರಿ. ಈ ನೀರು ಚೆಲ್ಲಬೇಡಿ. ಹೋಳುಗಳನ್ನು ಜರಡಿಯಲ್ಲಿ ಉಜ್ಜಿ ತಿರುಳು ತೆಗೆದು ತೂಗಿ: 1 ಕೆಜಿ ತಿರುಳಿಗೆ 800 ಗ್ರಾಂ ಸಕ್ಕರೆ, ಒಂದು ನಿಂಬೆಹಣ್ಣಿನ ರಸ. ಹುಳಿ ಕಡಿಮೆಯಾದರೆ ಪೆಕ್ಟಿನ್ ಸರಿಯಾಗಿ ಹಿಡಿಯುವುದಿಲ್ಲ.

ದಪ್ಪ ತಳದ ಅಗಲ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ, ಉದ್ದ ಹಿಡಿಯ ಮರದ ಸೌಟಿನಿಂದ ಕಲಕುತ್ತಲೇ ಇರಿ. ಗುಳ್ಳೆ ಒಡೆದು ಸಿಡಿಯುತ್ತದೆ, ಕೈಗೆ ಬಟ್ಟೆ ಸುತ್ತಿಕೊಳ್ಳಿ. ಅವಸರಕ್ಕೆ ಉರಿ ಏರಿಸಿದರೆ ತಳ ಹಿಡಿದು ಕಹಿಯಾಗುತ್ತದೆ, ಬಣ್ಣವೂ ಬರುವುದಿಲ್ಲ. ಒಗರಿನ ಅಂಶಗಳೇ ಬಿಸಿ, ಹುಳಿ ಎರಡಕ್ಕೂ ಸಿಕ್ಕಿ ನಿಧಾನವಾಗಿ ಕೆಂಪು ವರ್ಣವಾಗುತ್ತವೆ. ಅದಕ್ಕೆ ಸುಮಾರು ಒಂದು ಗಂಟೆ ಬೇಕು. ಕೆಲವು ತಳಿಗಳು ಕಿತ್ತಳೆಗೇ ನಿಲ್ಲುತ್ತವೆ, ಅದು ತಪ್ಪಲ್ಲ. ಹಲ್ವದಂತೆ ಅಂಚು ಬಿಟ್ಟು, ಸೌಟು ಎಳೆದಾಗ ತಳ ಕ್ಷಣಕಾಲ ಕಂಡರೆ ಹದ ಬಂದಿದೆ.

ಬಟರ್ ಪೇಪರ್ ಹಾಸಿದ ತಟ್ಟೆಗೆ 2 ಸೆಂ.ಮೀ. ದಪ್ಪ ಹರಡಿ. ಗಾಳಿಯಾಡುವ ಒಣ ಜಾಗದಲ್ಲಿ 2–4 ದಿನ, ನಡುವೆ ಮಗುಚಿ ಹಾಕಿ ಒಣಗಿಸಿ. ಕತ್ತರಿಸಿದ ಚೌಕಗಳನ್ನು ಸಕ್ಕರೆಯಲ್ಲಿ ಹೊರಳಿಸಿ ಡಬ್ಬಿಗೆ ತುಂಬಿ. ಸಕ್ಕರೆ ಕರಗಿ ನೀರಾದರೆ ಇನ್ನೂ ಒಣಗಬೇಕಿತ್ತು ಎಂದರ್ಥ.

ಬಸಿದ ನೀರನ್ನು ಬಟ್ಟೆಯಲ್ಲಿ ಹಿಂಡದೆ ಸೋಸಿ, ಲೀಟರಿಗೆ 800 ಗ್ರಾಂ ಸಕ್ಕರೆ ಹಾಕಿ ಕುದಿಸಿದರೆ ಜೆಲ್ಲಿ. ಹಿಂಡಿದರೆ ಮಬ್ಬಾಗುತ್ತದೆ.